ಇಲ್ಲಿಯವರೆಗೆ: ಕಾಲ ಬದಲಾದಾಗ, ಜನ ಬದಲಾದಾಗ ದೇವರ ನಡೆಸುವಿಕೆಯನ್ನು ನಂಬುವ ಬಗೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಸಭೆಯ ಬಾಗಿಲ ಬಳಿ ಒಂದು ಸ್ಟೀಲ್ ತಟ್ಟೆ ಇಟ್ಟಿರುತ್ತಾರೆ. ಅದರ ತುಂಬ ಮಡಚಿದ ಚೀಟಿಗಳು, ಒಂದೊಂದರಲ್ಲಿ ಒಂದೊಂದು ವಾಗ್ದಾನದ ವಚನ. ಸಾಲಿನಲ್ಲಿ ಬಂದವರು ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು, ದೀಪದ ಕೆಳಗೆ ಹೋಗಿ ಬಿಡಿಸಿ ಓದುತ್ತಾರೆ. ಮೂವತ್ತು ವರ್ಷಗಳಿಂದ ನಾನೂ ಎತ್ತುತ್ತಿದ್ದೇನೆ, ಪಕ್ಕದಲ್ಲಿ ಓದುವವರ ಮುಖಗಳನ್ನೂ ನೋಡುತ್ತಿದ್ದೇನೆ. ಹೆಚ್ಚಿನವರು ಆ ಚೀಟಿಯಲ್ಲಿ ಹುಡುಕುವುದು ಬರುವ ವರ್ಷದ ಸುದ್ದಿಯನ್ನು. ಮಗನಿಗೆ ವೀಸಾ ಸಿಗುತ್ತದೆಯೇ, ಮಗಳಿಗೆ ಸಂಬಂಧ ಕೂಡಿಬರುತ್ತದೆಯೇ, ಮಾತು ಬಿಟ್ಟ ಅಣ್ಣ ಈ ವರ್ಷವಾದರೂ ಮನೆಗೆ ಬರುತ್ತಾನೆಯೇ.

ಸ್ತ್ರೀಯರ ಕೂಟದಲ್ಲಿ ಬಹಳ ವರ್ಷ ಬೈಬಲ್ ಪಾಠ ನಡೆಸಿದವಳು ನಾನು. ಅಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಯೂ ಇದೇ: "ಟೀಚರೇ, ದೇವರು ನನ್ನನ್ನು ನಡೆಸುತ್ತಿದ್ದಾನೆ ಎಂದು ನನಗೆ ಗೊತ್ತಾಗುವುದು ಹೇಗೆ?" ಮೊದಮೊದಲು ಒಂದು ವಚನ ಹೇಳಿ ಕಳುಹಿಸುತ್ತಿದ್ದೆ. ನನ್ನ ಮನೆಯಲ್ಲೇ ಒಂದೊಂದಾಗಿ ಬದಲಾವಣೆಗಳು ಬಂದ ಮೇಲೆ ವಚನದ ಜೊತೆಗೆ ಒಂದು ಕ್ರಮವೂ ಬೇಕು ಎಂದು ತಿಳಿಯಿತು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಎಷ್ಟೋ ಮನೆಗಳ ಗೇಟಿನ ಮೇಲೆ "ಎಬೆನೆಜರ್" ಎಂಬ ಹೆಸರು ಕಾಣುತ್ತದೆ. ಅದರ ಅರ್ಥ ಸಹಾಯದ ಕಲ್ಲು. ಬೈಬಲಿನ ಒಂದನೆಯ ಸಮುವೇಲನ ಏಳನೆಯ ಅಧ್ಯಾಯದಲ್ಲಿ, ಇಸ್ರಾಯೇಲ್ಯರ ಶತ್ರುಗಳಾದ ಫಿಲಿಷ್ಟಿಯರು ಸೋತು ಹಿಂದೆ ಸರಿದ ಮೇಲೆ ಪ್ರವಾದಿ ಸಮುವೇಲನು ಒಂದು ಕಲ್ಲು ನಿಲ್ಲಿಸಿ, ಯೆಹೋವನು ಇಲ್ಲಿಯವರೆಗೆ ನಮಗೆ ಸಹಾಯ ಮಾಡಿದನು ಎನ್ನುತ್ತಾನೆ. ಗಮನಿಸಿ, ಅವನು "ಕೊನೆಯವರೆಗೆ" ಎನ್ನಲಿಲ್ಲ, "ಇಲ್ಲಿಯವರೆಗೆ" ಎಂದ. ಇನ್ನೊಂದು ಸಂಗತಿಯೂ ಇದೆ. ಅದೇ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಸೋತು, ದೇವರ ಸನ್ನಿಧಿಯ ಗುರುತಾದ ಒಡಂಬಡಿಕೆಯ ಮಂಜೂಷವನ್ನೇ ಕಳೆದುಕೊಂಡಾಗ ಅವರು ಪಾಳೆಯ ಹಾಕಿದ್ದೂ ಎಬೆನೆಜರ್ ಎಂಬ ಹೆಸರಿನ ಜಾಗದ ಬಳಿಯೇ. ಸೋಲಿನ ನೆನಪಿನ ಹೆಸರನ್ನೇ ಸಹಾಯದ ಕಲ್ಲಿಗೂ ಇಟ್ಟರು. ದೇವರ ನಡೆಸುವಿಕೆ ಮುಂದೆ ನೋಡುವಾಗ ಕಾಣುವುದು ಸ್ವಲ್ಪ, ಹಿಂದೆ ನೋಡುವಾಗ ಕಾಣುವುದು ಬಹಳ. ಹಾಗಾಗಿ ಭರವಸೆ ಇಡುವುದರಲ್ಲಿ ಅರ್ಧ ಪಾಲು ನೆನಪಿಟ್ಟುಕೊಳ್ಳುವ ಕೆಲಸ. ಕೆಳಗಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಮೊದಲ ಹೆಜ್ಜೆ: ಈಗಿನ ಕಾಲಕ್ಕೆ ಅದರ ಹೆಸರನ್ನೇ ಇಡಿ

ತುಳುನಾಡಿನಲ್ಲಿ ಬೆಳೆದವರಿಗೆ ಆಟಿ ತಿಂಗಳು ಗೊತ್ತು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಬಿಡದೆ ಸುರಿಯುವ ಮಳೆ. ನಾಟಿ ಮುಗಿದಿರುತ್ತದೆ, ಕೂಲಿ ಸಿಗುವುದಿಲ್ಲ, ಹಿಂದೆಲ್ಲ ಮನೆಯ ಅಕ್ಕಿಯೂ ತಳ ಕಂಡಿರುತ್ತಿತ್ತು. ತಗಟೆ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜ, ಬೇಸಿಗೆಯಲ್ಲೇ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಇವುಗಳಿಂದ ಹಿರಿಯರು ಆ ತಿಂಗಳನ್ನು ದಾಟುತ್ತಿದ್ದರು. ಆಟಿ ಬಂದಿದೆ ಎಂದು ಗೊತ್ತಿದ್ದವರು ಗದ್ದೆಯಲ್ಲಿ ಕೊಯ್ಲು ಹುಡುಕುತ್ತಿರಲಿಲ್ಲ. ಆಟಿ ಮುಗಿದ ಮೇಲೆ ಸೋಣ ತಿಂಗಳು ಬರುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

ನಾವು ಮಾಡುವ ಮೊದಲ ತಪ್ಪು, ಕಾಲಕ್ಕೆ ಹೆಸರಿಡುವ ಬದಲು ತೀರ್ಪು ಕೊಡುವುದು. ಕೆಲಸ ಹೋದರೆ "ದೇವರು ಕೈಬಿಟ್ಟ", ಮಗು ತಡವಾದರೆ "ಯಾವ ಪಾಪದ ಫಲವೋ", ಎಲ್ಲ ಚೆನ್ನಾಗಿದ್ದರೆ "ದೇವರು ಮೆಚ್ಚಿದ್ದಾನೆ". ಪ್ರಸಂಗಿಯ ಮೂರನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ಅಲ್ಲಿ ಹದಿನಾಲ್ಕು ಜೋಡಿಗಳಿವೆ: ಹುಟ್ಟುವ ಕಾಲ ಮತ್ತು ಸಾಯುವ ಕಾಲ, ನೆಡುವ ಕಾಲ ಮತ್ತು ಕೀಳುವ ಕಾಲ, ಹೀಗೆ ಸಾಗುತ್ತದೆ. ಇದು ಆಶೀರ್ವಾದ, ಇದು ಶಾಪ ಎಂಬ ಗುರುತು ಒಂದರ ಪಕ್ಕದಲ್ಲೂ ಇಲ್ಲ.

ಒಂದು ಹಾಳೆಯ ಮೇಲೆ ಈ ವಾಕ್ಯವನ್ನು ಪೂರ್ತಿ ಮಾಡಿ: "ಈಗ ನನ್ನದು ಇಂಥ ಕಾಲ." ಆರೈಕೆಯ ಕಾಲ, ಕಾಯುವ ಕಾಲ, ಮಕ್ಕಳು ಸಣ್ಣವರಿರುವ ಕಾಲ, ಮನೆ ಖಾಲಿಯಾದ ಕಾಲ, ದುಃಖದ ಕಾಲ. ಹೆಸರು ಸಿಕ್ಕ ಕೂಡಲೇ ಕೆಳಗೆ ಇನ್ನೊಂದು ಪ್ರಶ್ನೆ ಬರೆಯಿರಿ: "ಈ ಕಾಲದ ಕೆಲಸ ಯಾವುದು?" ನನ್ನ ಅತ್ತೆ ಹಾಸಿಗೆ ಹಿಡಿದ ಎರಡು ವರ್ಷ ನಾನು ಗಾಯನ ತಂಡ, ಭಾನುವಾರದ ಶಾಲೆ, ಕೂಟದ ಲೆಕ್ಕಪತ್ರ ಯಾವುದನ್ನೂ ಬಿಡದೆ ಓಡಾಡಿದೆ. ಪ್ರತಿ ರಾತ್ರಿ ದೇವರ ಮುಂದೆ ಕುಳಿತು, ನಿನ್ನ ಸೇವೆ ಸರಿಯಾಗಿ ಮಾಡಲು ಆಗುತ್ತಿಲ್ಲ ಎಂದು ಅಳುತ್ತಿದ್ದೆ. ಅತ್ತೆಯ ಬೆನ್ನು ಒರೆಸುವುದೇ ಆ ಕಾಲದ ಸೇವೆ ಎಂದು ಅರ್ಥವಾದಾಗ ಅವರಿಗೆ ಉಳಿದಿದ್ದದ್ದು ನಾಲ್ಕು ತಿಂಗಳು.

ಒಂದು ಎಚ್ಚರಿಕೆ. ಹೊರಗಿನ ಕಾಲ, ಒಳಗಿನ ಕಾಲ ಒಂದೇ ಆಗಿರಬೇಕೆಂದಿಲ್ಲ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಮಣ್ಣು ಮಾಡಿ ನೊವೊಮಿ ಬೆತ್ಲೆಹೇಮಿಗೆ ಹಿಂದಿರುಗಿದಾಗ ಊರಿನಲ್ಲಿ ಜವೆಗೋದಿಯ ಕೊಯ್ಲು ಆಗಷ್ಟೇ ಶುರುವಾಗಿತ್ತು. ಊರಿಗೆಲ್ಲ ಸುಗ್ಗಿ, ಅವಳಿಗೆ ಆಟಿ. ಅವಳು ನಗುಮುಖ ತೋರಿಸಲಿಲ್ಲ. ನನ್ನನ್ನು ನೊವೊಮಿ ಎನ್ನಬೇಡಿ, ಮಾರಾ ಎನ್ನಿ, ದೇವರು ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ಊರ ಹೆಂಗಸರ ಎದುರೇ ಹೇಳಿದಳು. ಆ ಮಾತಿಗಾಗಿ ಬೈಬಲ್ ಎಲ್ಲಿಯೂ ಅವಳನ್ನು ಗದರಿಸುವುದಿಲ್ಲ. ಕ್ರಿಸ್‌ಮಸ್ ಹೊತ್ತಿನಲ್ಲಿ ಸಾವಾದ ಮನೆಯವರಿಗೆ "ಹಬ್ಬದ ದಿನ ಅಳಬಾರದು" ಎಂದು ಹೇಳುವವರು ಈ ಅಧ್ಯಾಯವನ್ನು ಓದಬೇಕು.

ಎರಡನೆಯ ಹೆಜ್ಜೆ: ಕೇಳುವ ಮೊದಲು ಉಣ್ಣಿ, ನಿದ್ದೆ ಮಾಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ದಯವಿಟ್ಟು ದಾಟಿ ಹೋಗಬೇಡಿ. ಪ್ರವಾದಿ ಎಲೀಯನು ಜಾಲಿ ಗಿಡದ ಕೆಳಗೆ ಕುಳಿತು "ಸಾಕು, ನನ್ನ ಪ್ರಾಣ ತೆಗೆದುಬಿಡು" ಎಂದಾಗ ದೇವರು ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ, ಮತ್ತೆ ರೊಟ್ಟಿ, ನೀರು. "ಇಲ್ಲಿ ಏನು ಮಾಡುತ್ತಿದ್ದೀ?" ಎಂಬ ಪ್ರಶ್ನೆ ಬಂದದ್ದು ಇದೆಲ್ಲ ಆಗಿ ಬಹಳ ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮೂರು ರಾತ್ರಿ ನಿದ್ದೆಗೆಟ್ಟವರಿಗೆ ದೇವರ ಚಿತ್ತ ತಿಳಿಯುವುದು ಕಷ್ಟ. ನಿದ್ದೆ, ಊಟ ಎರಡೂ ವಾರಗಟ್ಟಲೆ ಬಿಟ್ಟುಹೋಗಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ಹೋಗಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಾಗೆ ಮಾಡಿದರೆ ನಂಬಿಕೆ ಕಡಿಮೆ ಎಂದು ಅರ್ಥವಲ್ಲ. ಎಲೀಯನಿಗೆ ಬಂದ ರೊಟ್ಟಿಯನ್ನು ಕಳುಹಿಸಿದವನೂ ದೇವರೇ.

ಮೂರನೆಯ ಹೆಜ್ಜೆ: ಒಂದು ಪುಸ್ತಕ ಇಡಿ

ಅಮ್ಮ ತೀರಿಕೊಂಡ ಕೆಲವು ತಿಂಗಳ ನಂತರ ಅವಳ ಟ್ರಂಕಿನಲ್ಲಿ ಹಾಲಿನ ಲೆಕ್ಕದ ಪುಸ್ತಕಗಳು ಸಿಕ್ಕವು. ದಾರದಲ್ಲಿ ಕಟ್ಟಿದ ಹನ್ನೆರಡು ಪುಸ್ತಕ, ಮೂಲೆಗಳನ್ನು ಜಿರಲೆ ತಿಂದಿತ್ತು. ಮೊದಲು ಬಿಸಾಡೋಣ ಎಂದುಕೊಂಡೆ. ತೆರೆದು ನೋಡಿದರೆ ಎಡ ಪುಟದಲ್ಲಿ ತಾರೀಖು ಮತ್ತು ಹಾಲಿನ ಅಳತೆ, ಬಲ ಪುಟದಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಸಾಲು. "ಸಣ್ಣವನಿಗೆ ಜ್ವರ." "ಇವರ ವರ್ಗಾವಣೆ ಬೇಡ ದೇವರೇ." "ಫೀಸಿಗೆ ದಾರಿ ತೋರಿಸು." ಕೆಲವು ಸಾಲುಗಳ ಮುಂದೆ ಶಾಯಿಯಲ್ಲಿ ಒಂದು ಸಣ್ಣ ಶಿಲುಬೆಯ ಗುರುತು. ಪ್ರಾರ್ಥನೆಗೆ ಉತ್ತರ ಬಂದದ್ದಕ್ಕೆ ಅದು ಗುರುತು ಎಂದು ಮೊದಲು ಭಾವಿಸಿದ್ದೆ. ಆದರೆ ವರ್ಗಾವಣೆ ಬೇಡ ಎಂದ ಸಾಲಿನ ಮುಂದೆಯೂ ಶಿಲುಬೆ ಇತ್ತು, ಅಪ್ಪನಿಗೆ ವರ್ಗಾವಣೆ ಆಗಿಯೇ ಇತ್ತು. ಆಗ ಗೊತ್ತಾಯಿತು, ಹೌದು ಎಂಬ ಉತ್ತರಕ್ಕೂ ಅಲ್ಲ ಎಂಬ ಉತ್ತರಕ್ಕೂ ಅಮ್ಮ ಒಂದೇ ಗುರುತು ಹಾಕುತ್ತಿದ್ದಳು.

ಎಡ ಪುಟಗಳೂ ಕಥೆ ಹೇಳುತ್ತವೆ. ನಾವು ಐವರೂ ಮನೆಯಲ್ಲಿದ್ದಾಗ ದಿನಕ್ಕೆ ಎರಡು ಲೀಟರ್. ಅಕ್ಕನ ಮದುವೆಯಾದ ಮೇಲೆ ಒಂದೂವರೆ. ತಮ್ಮ ಕೆಲಸಕ್ಕೆಂದು ಮುಂಬೈಗೆ ಹೋದ ವಾರದಿಂದ ಒಂದು. ಅಪ್ಪ ಹೋದ ಮರುದಿನದಿಂದ ಅರ್ಧ. ಮನೆಯಿಂದ ಜನ ಒಬ್ಬೊಬ್ಬರಾಗಿ ಹೊರಟದ್ದನ್ನು ಅಮ್ಮ ಬರೆದಿಟ್ಟದ್ದು ಹಾಲಿನ ಅಳತೆಯಲ್ಲಿ.

ಇಂಥ ಒಂದು ಪುಸ್ತಕವನ್ನು ನೀವೂ ಇಡಿ. ಮೊಬೈಲಿನಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ಮೊಬೈಲು ಬದಲಾಗುತ್ತದೆ, ಬರೆದದ್ದು ಎಲ್ಲೋ ಕಳೆದುಹೋಗುತ್ತದೆ. ಗೆರೆ ಹಾಕಿದ ಮಾಮೂಲಿ ನೋಟ್ ಪುಸ್ತಕ ಸಾಕು. ಒಂದು ದಿನಕ್ಕೆ ಒಂದು ಸಾಲು, ತಾರೀಖು ತಪ್ಪಬಾರದು. ಎಡಗಡೆ ಆ ದಿನ ಏನಾಯಿತು, ಬಲಗಡೆ ಏನು ಬೇಡಿಕೊಂಡಿರಿ. ಸುಂದರವಾಗಿ ಬರೆಯಲು ಹೋಗಬೇಡಿ. ಭಕ್ತಿಯ ಮಾತುಗಳಿಂದ ತುಂಬಿಸಿದರೆ ಐದು ವರ್ಷದ ನಂತರ ಓದುವಾಗ ಆ ದಿನ ನಿಜವಾಗಿ ಏನು ಬೇಕಾಗಿತ್ತು ಎಂಬುದೇ ತಿಳಿಯುವುದಿಲ್ಲ. "ನಾದಿನಿಯ ಮೇಲೆ ಸಿಟ್ಟು ಬಂದಿದೆ, ಅವಳಿಗಾಗಿ ಪ್ರಾರ್ಥಿಸಲು ಮನಸ್ಸಿಲ್ಲ" ಎಂದಿದ್ದರೆ ಹಾಗೆಯೇ ಬರೆಯಿರಿ. ಕೀರ್ತನೆಗಳಲ್ಲಿ ಇದಕ್ಕಿಂತ ಖಾರವಾದ ಮಾತುಗಳಿವೆ. ಪುಸ್ತಕವನ್ನು ಯಾರಿಗೂ ತೋರಿಸಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಮನುಷ್ಯರು ಹೋದಾಗ ಅದನ್ನು ದೇವರ ಹೋಗುವಿಕೆ ಎಂದು ಓದಬೇಡಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಣ, ಕೆಲಸ ಹೋದದ್ದಕ್ಕಿಂತ ಜನ ಹೋದದ್ದಕ್ಕೆ ನಂಬಿಕೆ ಕಳೆದುಕೊಂಡವರನ್ನೇ ನಾನು ಹೆಚ್ಚು ನೋಡಿದ್ದೇನೆ.

ಹೋಗುವವರೆಲ್ಲ ಒಂದೇ ರೀತಿಯವರಲ್ಲ. ಮೋವಾಬಿನ ದಾರಿಯಲ್ಲಿ ನೊವೊಮಿಯ ಇಬ್ಬರು ಸೊಸೆಯಂದಿರೂ ಅತ್ತರು. ಒರ್ಫಾ ಅತ್ತೆಗೆ ಮುತ್ತಿಟ್ಟು ತವರಿಗೆ ಹಿಂದಿರುಗಿದಳು, ರೂತಳು ಜೊತೆಗೆ ಬಂದಳು. ನಾವು ಪ್ರಸಂಗಗಳಲ್ಲಿ ಒರ್ಫಾಳನ್ನು ಕೆಟ್ಟವಳಾಗಿ ಮಾಡುತ್ತೇವೆ. ಅವಳನ್ನು ಹೋಗು ಎಂದವಳು ನೊವೊಮಿಯೇ, ಅದೂ ಹರಸಿ. ನಿಮ್ಮ ಬದುಕಿನಲ್ಲೂ ಒರ್ಫಾಗಳು ಇರುತ್ತಾರೆ: ಹಾಸ್ಟೆಲಿನ ಗೆಳತಿ, ಹಳೆಯ ಕಚೇರಿಯ ಸಹೋದ್ಯೋಗಿ, ಬಾಡಿಗೆ ಮನೆ ಬದಲಿಸಿದ ಮೇಲೆ ಕಾಣದ ನೆರೆಮನೆಯವರು. ಅವರು ದ್ರೋಹ ಮಾಡಲಿಲ್ಲ, ಅವರ ದಾರಿ ಬೇರೆಯಾಯಿತು. ಇಂಥವರ ಹೆಸರು ಬರೆದು, ಅವರಿಂದ ಬಂದ ಒಂದು ಒಳ್ಳೆಯದನ್ನು ಪಕ್ಕದಲ್ಲಿ ಬರೆದು, ಮುತ್ತಿಟ್ಟು ಕಳುಹಿಸಿಕೊಡಿ.

ಜಗಳವಾಡಿ ಹೋದವರು ಬೇರೆ. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿ ಪೌಲ, ಬಾರ್ನಬ ಇಬ್ಬರೂ ಮಾರ್ಕನ ವಿಷಯದಲ್ಲಿ ತೀಕ್ಷ್ಣವಾಗಿ ವಾದಿಸಿ ಒಬ್ಬರನ್ನೊಬ್ಬರು ಬಿಟ್ಟು ಹೋದರು. ಯಾರು ಸರಿ ಎಂದು ಅದನ್ನು ಬರೆದ ಲೂಕನು ಹೇಳುವುದೇ ಇಲ್ಲ. ಬಾರ್ನಬನು ಮಾರ್ಕನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ ಹಡಗು ಹತ್ತಿದ, ಪೌಲನು ಸೀಲನೊಂದಿಗೆ ಬೇರೆ ದಾರಿ ಹಿಡಿದ. ಎಷ್ಟೋ ವರ್ಷಗಳ ನಂತರ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ಮತ್ತು ಪುಸ್ತಕಗಳ ಮಾತಿನ ಜೊತೆಗೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂಬ ಮಾತೂ ಇದೆ. ಆ ನಡುವೆ ಏನಾಯಿತು, ಯಾರು ಮೊದಲು ಮಾತನಾಡಿದರು ಎಂಬುದು ಬರೆದಿಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯದೆ ಇದ್ದರೆ ಕಾಲ ಇಂಥದ್ದನ್ನು ಮಾಡುತ್ತದೆ.

ಅಮ್ಮನ ಪುಸ್ತಕಕ್ಕೆ ಮತ್ತೆ ಬರುತ್ತೇನೆ. ಅದರಲ್ಲಿ ಹನ್ನೊಂದು ವರ್ಷ, ಪ್ರತಿ ಶುಭ ಶುಕ್ರವಾರದ ಮುಂದೆ ಒಂದೇ ಪದ: "ತಮ್ಮನಿಗಾಗಿ." ಜಾಗದ ಪಾಲಿನ ವಿಷಯದಲ್ಲಿ ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದರು. ಪುಸ್ತಕದಲ್ಲಿ ಬರೆಯದ ಒಂದು ಸಂಗತಿ ನನಗೆ ಗೊತ್ತು. ಪ್ರತಿ ಮೇ ತಿಂಗಳು ಅಮ್ಮ ಹಲಸಿನ ಹಪ್ಪಳ ಒಣಗಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಾವನ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದಳು. ತಲುಪಿತು ಎಂಬ ಸುದ್ದಿ ಒಮ್ಮೆಯೂ ಬರಲಿಲ್ಲ. ಹಪ್ಪಳ ಹಿಂದಿರುಗಿಯೂ ಬರಲಿಲ್ಲ. ಹನ್ನೆರಡನೆಯ ವರ್ಷದ ಒಂದು ಮಂಗಳವಾರದ ಎಡ ಪುಟದಲ್ಲಿ ಹೀಗಿದೆ: "ತಮ್ಮ ಬಂದ. ಹಾಲು ಒಂದು ಲೀಟರ್ ಜಾಸ್ತಿ."

ಮಾತು ಬಿಟ್ಟವರ ವಿಷಯದಲ್ಲಿ ನಾನು ಹೇಳುವ ಕ್ರಮವೂ ಇದೇ. ವರ್ಷಕ್ಕೊಮ್ಮೆ, ತಪ್ಪದೆ, ಉತ್ತರ ಬಯಸದ ಒಂದು ಸಣ್ಣ ಕೆಲಸ. ಹುಟ್ಟುಹಬ್ಬಕ್ಕೆ ಒಂದು ಕರೆ, ಹಬ್ಬಕ್ಕೆ ಒಂದು ಡಬ್ಬ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ), ಮನೆಯಲ್ಲಿ ಕಾಯಿಲೆ ಎಂದು ಕೇಳಿದಾಗ ಒಂದು ಪಾತ್ರೆ ಗಂಜಿ. ಜಗಳದ ವಿವರಣೆಯನ್ನು ವಾಟ್ಸ್‌ಆ್ಯಪಿನಲ್ಲಿ ಉದ್ದಕ್ಕೆ ಬರೆದು ಕಳುಹಿಸಬೇಡಿ. ಅಂಥ ಸಂದೇಶದಿಂದ ಕೂಡಿಬಂದ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ. ತಪ್ಪು ನಿಮ್ಮದಾಗಿದ್ದರೆ ಮಾತ್ರ ನೇರವಾಗಿ ಹೋಗಿ, ಕುಳಿತುಕೊಂಡು, "ನಾನು ಮಾಡಿದ್ದು ತಪ್ಪು" ಎಂದು ಹೇಳಿ. ಆ ಮಾತಿನ ನಂತರ "ಆದರೆ" ಬರಬಾರದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊಡೆಯುವ ಗಂಡ, ಹಿಂಸಿಸುವ ಮನೆ ಇವು ನಾನು ಹೇಳುತ್ತಿರುವ ಕಾಲಗಳಲ್ಲಿ ಸೇರುವುದಿಲ್ಲ. "ಇದು ದೇವರು ಕೊಟ್ಟ ಶಿಲುಬೆ, ಸಹಿಸಿಕೋ" ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಕೇಳಬೇಡಿ. ಅರಸ ಸೌಲನು ಈಟಿ ಎಸೆದಾಗ ದಾವೀದನು ತಪ್ಪಿಸಿಕೊಂಡು ಓಡಿಹೋದ. ದೇವರು ಅವನನ್ನು ಓಡಿದ್ದಕ್ಕೆ ತಪ್ಪುಗಾರನೆನ್ನಲಿಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭಕ್ಕೆ 112. ಕ್ಷಮೆಯ ಮಾತು ಆಮೇಲೆ.

ದೂರ ಹೋದ ಮಕ್ಕಳ ಬಗ್ಗೆಯೂ ಒಂದು ಮಾತು. ದುಬೈಯಲ್ಲೋ ಕೆನಡಾದಲ್ಲೋ ಇರುವ ಮಗ ಭಾನುವಾರ ಕರೆ ಮಾಡಲಿಲ್ಲ ಎಂದು ಆ ರಾತ್ರಿ ಊಟ ಬಿಡುವ ತಾಯಂದಿರು ನಮ್ಮ ಕೂಟದಲ್ಲಿ ಅನೇಕರು. ನಾನೂ ಬಿಟ್ಟಿದ್ದೇನೆ. ಹನ್ನಳು ತನ್ನ ಮಗ ಸಮುವೇಲನನ್ನು ಶಿಲೋವಿನ ದೇವಾಲಯದಲ್ಲಿ ಬಿಟ್ಟುಬಂದ ಮೇಲೆ ವರ್ಷ ವರ್ಷ ಒಂದು ಚಿಕ್ಕ ಅಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು ಎಂದು ಬರೆದಿದೆ. ಕಣ್ಣಿಗೆ ಕಾಣದ ಮಗು ಈ ವರ್ಷ ಎಷ್ಟು ಎತ್ತರವಾಗಿರಬಹುದು ಎಂದು ಅಂದಾಜು ಮಾಡಿ ಅವಳು ಬಟ್ಟೆ ಕತ್ತರಿಸಿರಬೇಕು. ಮಗ ಬೆಳೆಯುತ್ತಿದ್ದಾನೆ ಎಂಬ ಲೆಕ್ಕದಲ್ಲೇ ಪ್ರೀತಿ ಮಾಡಬೇಕಾದ ಕಾಲ ಅದು. ಹತ್ತು ವರ್ಷದ ಹುಡುಗನಿಗೆ ಹೇಳುತ್ತಿದ್ದ ಬುದ್ಧಿಮಾತನ್ನೇ ಮೂವತ್ತರವನಿಗೆ ಹೇಳುವುದು, ಚಿಕ್ಕದಾದ ಹಳೆಯ ಅಂಗಿಯನ್ನೇ ಮತ್ತೆ ಕೊಟ್ಟಂತೆ.

ಐದನೆಯ ಹೆಜ್ಜೆ: ಮುಚ್ಚಿದ ಬಾಗಿಲನ್ನು ಒದೆಯಬೇಡಿ, ಅಲ್ಲೇ ಕುಳಿತುಕೊಳ್ಳಲೂ ಬೇಡಿ

ಪೌಲನು ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕೆಂದಿದ್ದ, ತಡೆಯಾಯಿತು. ಬಿಥೂನ್ಯಕ್ಕೆ ಹೋಗಲು ನೋಡಿದ, ಅದೂ ಆಗಲಿಲ್ಲ. ಎರಡು ಬಾಗಿಲು ಮುಚ್ಚಿದವು. ಆದರೂ ಅವನು ನಡೆಯುತ್ತಲೇ ಇದ್ದು ಕಡಲ ತೀರದ ತ್ರೋವಕ್ಕೆ ಬಂದ. ದರ್ಶನ ಬಂದದ್ದು ಅಲ್ಲಿ. ಕನಸಿನಲ್ಲಿ ಕಂಡವನು ಮಕೆದೋನ್ಯದ ಒಬ್ಬ ಗಂಡಸು. ಆದರೆ ಆ ನಾಡಿನ ಫಿಲಿಪ್ಪಿ ಪಟ್ಟಣದಲ್ಲಿ ಮೊದಲು ಸಿಕ್ಕಿದವರು ನದೀತೀರದಲ್ಲಿ ಪ್ರಾರ್ಥನೆಗೆ ಕೂಡಿದ್ದ ಹೆಂಗಸರು, ಅವರಲ್ಲಿ ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯಳು. ದರ್ಶನದಲ್ಲಿ ಕಂಡಂತೆಯೇ ನಡೆಯಲಿಲ್ಲ ಎಂದು ಪೌಲನು ಹಿಂದಿರುಗಲಿಲ್ಲ. ಸಿಕ್ಕವರ ಮುಂದೆ ಕುಳಿತು ಮಾತನಾಡಿದ.

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಫರ್ಡಿನೆಂಡ್ ಕಿಟ್ಟೆಲರ ಪ್ರತಿಮೆ ಇದೆ. ಬಾಸೆಲ್ ಮಿಶನ್ನಿನ ಪರವಾಗಿ ಸುವಾರ್ತೆ ಸಾರಲು 1853ರಲ್ಲಿ ಈ ನಾಡಿಗೆ ಬಂದವರು ಅವರು. 1864ರಲ್ಲಿ ಹೆಂಡತಿ ತೀರಿಕೊಂಡರು. 1877ರಲ್ಲಿ ಜರ್ಮನಿಗೆ ಹಿಂದಿರುಗಿದರು, ನಿಘಂಟಿನ ಕೆಲಸಕ್ಕೆಂದು 1883ರಲ್ಲಿ ಮತ್ತೆ ಬಂದರು. ಸುಮಾರು 70,000 ಪದಗಳ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಬಂದು ನಲವತ್ತೊಂದು ವರ್ಷಗಳ ನಂತರ. ಹಡಗು ಇಳಿದ ದಿನ ತನ್ನ ಹೆಸರು ಉಳಿಯುವುದು ಒಂದು ನಿಘಂಟಿನಿಂದ ಎಂದು ಆ ಯುವಕನಿಗೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ. ಆ ಪ್ರತಿಮೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ.

ಬಾಗಿಲು ಮುಚ್ಚಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನನ್ನಿಂದ ಆಗಬೇಕಾದ ಪ್ರಯತ್ನ ಪೂರ್ತಿ ಮಾಡಿದ್ದೇನೆಯೇ? ಅರ್ಜಿಯನ್ನೇ ಸರಿಯಾಗಿ ತುಂಬದೆ ದೇವರ ಚಿತ್ತವಿಲ್ಲ ಎನ್ನುವುದು ಸೋಮಾರಿತನ. ತೆರೆಯಲು ಸುಳ್ಳು, ಲಂಚ, ಇನ್ನೊಬ್ಬರಿಗೆ ಅನ್ಯಾಯ ಬೇಕಾಗುತ್ತದೆಯೇ? ಬೇಕಾದರೆ ಆ ಬಾಗಿಲು ನಿಮ್ಮದಲ್ಲ. ಇವತ್ತು ಕೈಗೆ ಸಿಗುವ ಕೆಲಸ ಯಾವುದು? ರೂತಳ ಕಥೆಯಲ್ಲಿ ಕನಸಿಲ್ಲ, ದೇವದೂತನಿಲ್ಲ, ಪ್ರವಾದಿಯೂ ಇಲ್ಲ. ಮನೆಯಲ್ಲಿ ಊಟಕ್ಕಿಲ್ಲ ಎಂದು ಅವಳು ಕೊಯ್ಲಿನ ಹೊಲದಲ್ಲಿ ಬಿದ್ದ ಹಕ್ಕಲು ತೆನೆ ಆಯಲು ಹೊರಟಳು, ಹೊಕ್ಕ ಹೊಲ ಮುಂದೆ ಅವಳ ಗಂಡನಾದ ಬೋವಜನದ್ದಾಗಿತ್ತು. ದಾವೀದನ ವಂಶ ಮುಂದುವರಿದದ್ದು ಆ ಹಕ್ಕಲು ತೆನೆಯಿಂದ.

ಆರನೆಯ ಹೆಜ್ಜೆ: ತೀರ್ಮಾನಕ್ಕೆ ದೇವರ ಹೆಸರು ಹಚ್ಚುವ ಮೊದಲು

ಮದುವೆ, ಕೆಲಸ, ಮನೆ ಮಾರುವುದು, ವಿದೇಶಕ್ಕೆ ಹೋಗುವುದು ಇಂಥ ತೀರ್ಮಾನಗಳಲ್ಲಿ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರ ಎಂದುಕೊಳ್ಳುವ ಅಭ್ಯಾಸ ಬಿಡಿ. ವಾಕ್ಯವು ಕಾಲಿಗೆ ದೀಪ ಎಂದು ನೂರ ಹತ್ತೊಂಬತ್ತನೆಯ ಕೀರ್ತನೆ ಹೇಳುತ್ತದೆ. ಎಣ್ಣೆಯ ದೀಪ ಹಿಡಿದು ಗದ್ದೆಯ ಅಂಚಿನಲ್ಲಿ ನಡೆದವರಿಗೆ ಗೊತ್ತು, ಅದರ ಬೆಳಕು ಬೀಳುವುದು ಎರಡು ಹೆಜ್ಜೆಯಷ್ಟು, ಮುಂದಿನದು ಕಾಣಬೇಕಾದರೆ ನಡೆಯಲೇಬೇಕು. ದೀಪವನ್ನು ದಿನವೂ ಹಿಡಿದು ನಡೆದವರಿಗೆ ದಾರಿಯ ಗುಣ ತಿಳಿದಿರುತ್ತದೆ. ಹಾಗಾಗಿ ಬೈಬಲನ್ನು ಕ್ರಮವಾಗಿ, ಪುಸ್ತಕದಿಂದ ಪುಸ್ತಕಕ್ಕೆ ಓದಿ.

"ದೇವರು ನನಗೆ ಹೇಳಿದ್ದಾನೆ, ನೀನು ಇಂಥವರನ್ನೇ ಮದುವೆಯಾಗಬೇಕು" ಎಂದು ಪ್ರಾರ್ಥನೆ ಕೂಟದಲ್ಲಿ ಯಾರಾದರೂ ಪ್ರವಾದಿಸಿದರೆ ವಿನಯದಿಂದ ಕೇಳಿ, ಅದೇ ದಿನ ಒಪ್ಪಬೇಡಿ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಥೆಸಲೊನೀಕದವರಿಗೆ ಬರೆದಿದೆ. ದೇವರು ನಿಮ್ಮೊಂದಿಗೂ ಮಾತನಾಡಬಲ್ಲ. ಪ್ರವಾದನೆಯ ಹಿಂದೆಯೇ ಹಣದ ಮಾತು ಬಂದರೆ ಎದ್ದು ಮನೆಗೆ ಬನ್ನಿ.

ನಾನು ಪಾಲಿಸುವ ರೀತಿ ಇಷ್ಟೇ. ವಾಕ್ಯಕ್ಕೆ ವಿರುದ್ಧವೇ ಎಂದು ನೋಡುತ್ತೇನೆ. ನನಗೆ ಹೌದಪ್ಪ ಎನ್ನದ, ಬೇಕಾದರೆ ಗದರಿಸುವ ಇಬ್ಬರನ್ನು ಕೇಳುತ್ತೇನೆ; ನಮ್ಮ ಸಭೆಯ ಪಾದ್ರಿ ಅಯ್ಯನವರು ಒಬ್ಬರು, ಇನ್ನೊಬ್ಬರು ಕ್ರೈಸ್ತರೇ ಅಲ್ಲದ ನನ್ನ ಹಳೆಯ ಮುಖ್ಯೋಪಾಧ್ಯಾಯಿನಿ. ಕೊನೆಗೆ ಪುಸ್ತಕದಲ್ಲಿ ಬರೆದು ಕಾಯುತ್ತೇನೆ. ಸಣ್ಣದಕ್ಕೆ ಒಂದು ರಾತ್ರಿ, ದೊಡ್ಡದಕ್ಕೆ ಒಂದು ತಿಂಗಳು. ಸಾವಾದ ಮನೆಯಲ್ಲಿ ಒಂದು ವರ್ಷ ಜಾಗ ಮಾರುವ ಮಾತು ಬೇಡ ಎಂದು ಎಲ್ಲರಿಗೂ ಹೇಳುತ್ತೇನೆ. ಸಾಲದವರು ಬಾಗಿಲಲ್ಲಿ ನಿಂತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ.

ಏಳನೆಯ ಹೆಜ್ಜೆ: ಆಟಿಗೆ ಬೇಕಾದದ್ದನ್ನು ಬೇಸಿಗೆಯಲ್ಲೇ ಹಾಕಿಡಿ

ಹಲಸಿನ ಸೊಳೆಯನ್ನು ಆಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಹಣ್ಣು ಕೆಳಗೆ ಬಿದ್ದು ಕೊಳೆಯುವಷ್ಟು ಇದ್ದಾಗಲೇ ಬಿಡಿಸಿ, ಭರಣಿಯಲ್ಲಿ ಉಪ್ಪಿನೊಂದಿಗೆ ತುಂಬಿ, ಮೇಲೆ ಕಲ್ಲು ಹೇರಿ ಇಡಬೇಕು. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗ ಮಾಡಬೇಕಾದ ಕೆಲಸಗಳೂ ಹಾಗೆಯೇ. ಇಪ್ಪತ್ತಮೂರನೆಯ, ನಲವತ್ತಾರನೆಯ, ನೂರ ಇಪ್ಪತ್ತೊಂದನೆಯ ಕೀರ್ತನೆಗಳನ್ನು ಬಾಯಿಪಾಠ ಮಾಡಿ. ಐಸಿಯು ಹೊರಗಿನ ಬೆಂಚಿನಲ್ಲಿ ಪುಟ ತಿರುವಲು ಕೈ ಬರುವುದಿಲ್ಲ. ರಾತ್ರಿ ಹತ್ತು ನಿಮಿಷವಾದರೂ ಕುಟುಂಬ ಪ್ರಾರ್ಥನೆ ಇರಲಿ, ಅದರಲ್ಲಿ ಮಕ್ಕಳೂ ಒಂದು ಸಾಲು ಪ್ರಾರ್ಥಿಸಲಿ. ಕಷ್ಟದ ದಿನ ರಾತ್ರಿ ಎರಡು ಗಂಟೆಗೆ ಕರೆ ಮಾಡಬಹುದಾದ ಒಬ್ಬ ಗೆಳತಿಯನ್ನು ಸಂಪಾದಿಸಿ, ಅದಕ್ಕೆ ಮೊದಲು ನೀವು ಇನ್ನೊಬ್ಬರಿಗೆ ಅಂಥ ಗೆಳತಿಯಾಗಿ.

ವರ್ಷಕ್ಕೊಮ್ಮೆ ಪುಸ್ತಕವನ್ನು ಮೊದಲಿನಿಂದ ಓದಿ. ನಾನು ಇದಕ್ಕೆ ಡಿಸೆಂಬರ್ 31ರ ಸಂಜೆಯನ್ನು ಇಟ್ಟುಕೊಂಡಿದ್ದೇನೆ. ಅಡುಗೆ ಬೇಗ ಮುಗಿಸಿ, ಜಗಲಿಯಲ್ಲಿ ಕುಳಿತು ಓದಿದರೆ ಒಂದೂವರೆ ಗಂಟೆ ಬೇಕು. ಉತ್ತರ ಸಿಕ್ಕಲ್ಲಿ ಒಂದು ಗುರುತು, ಬೇಡ ಎಂಬ ಉತ್ತರ ಬಂದಲ್ಲೂ ಅದೇ ಗುರುತು. ಇನ್ನೂ ಏನೂ ಬರದ ಸಾಲುಗಳನ್ನು ಹೊಸ ಪುಸ್ತಕಕ್ಕೆ ಇಳಿಸುತ್ತೇನೆ. ಅವುಗಳಲ್ಲಿ ಒಂದು ಹೆಸರನ್ನು ಇಳಿಸುತ್ತಿರುವುದು ಈಗ ಆರನೆಯ ಬಾರಿ.

ಅದಾದ ಮೇಲೆ ಸೀರೆ ಉಟ್ಟು ರಾತ್ರಿಯ ಆರಾಧನೆಗೆ ಹೋಗುತ್ತೇನೆ. ಎಲ್ಲರಂತೆ ನಾನೂ ತಟ್ಟೆಯಿಂದ ಒಂದು ಚೀಟಿ ಎತ್ತುತ್ತೇನೆ, ದೀಪದ ಕೆಳಗೆ ಬಿಡಿಸಿ ಓದುತ್ತೇನೆ. ಮನೆಗೆ ಬಂದು ಅದನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಕೆಳಗೆ ತಾರೀಖು ಹಾಕುತ್ತೇನೆ. ಪಕ್ಕದಲ್ಲಿ ಹಾಲಿನ ಅಳತೆಯನ್ನೂ ಬರೆಯುತ್ತೇನೆ. ಈಗ ನಮ್ಮ ಮನೆಗೆ ಮುಕ್ಕಾಲು ಲೀಟರ್.